ಹೆಣದ ಮುಂದಿನ ವಾದ: ‘ಏಜಾಕ್ಸ್’, ‘ಅಶ್ವತ್ಥಾಮನ್’ ಮತ್ತು ಧರ್ಮಸಭೆಯ ಅಂತ್ಯಸಂಸ್ಕಾರ

ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ನಾಟಕವನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತ ನಡೆದಿದೆ. ಗ್ರೀಕ್ ರುದ್ರನಾಟಕದ ಗಾಂಭೀರ್ಯವನ್ನು ಹಳಗನ್ನಡದ ಛಾಯೆಯುಳ್ಳ ಮಾತಿನಲ್ಲಿ ಹಿಡಿಯಲು ಸಾಧ್ಯವಾಯಿತೆ ಎಂಬುದು ಮೊದಲನೆಯದು. ಚಿರಂಜೀವಿಯೆಂದು ಪರಂಪರೆ ನಂಬಿದವನನ್ನು ಕೊನೆಗಾಣಿಸುವ ಅಧಿಕಾರ ಕವಿಗೆ ಉಂಟೆ ಎಂಬುದು ಎರಡನೆಯದು. ಎರಡೂ ಯೋಗ್ಯ ಪ್ರಶ್ನೆಗಳೇ. ಆದರೆ ಎರಡೂ ನಾಯಕನ ಸಾವಿನ ಬಳಿಗೆ ಬಂದು ನಿಂತುಬಿಡುತ್ತವೆ. ಈ ನಾಟಕಕ್ಕೆ ಮೂಲವಾದ ಸೊಫೊಕ್ಲೀಸನ ‘ಏಜಾಕ್ಸ್’ ಅಲ್ಲಿ ನಿಲ್ಲುವುದಿಲ್ಲ. ಸುಮಾರು 1420 ಸಾಲುಗಳ ಆ ನಾಟಕದಲ್ಲಿ 865ನೆಯ ಸಾಲಿಗೇ ನಾಯಕ ಗತಿಸುತ್ತಾನೆ. ಉಳಿದ ಐನೂರಕ್ಕೂ ಹೆಚ್ಚು ಸಾಲುಗಳಲ್ಲಿ ನಡೆಯುವುದು ಒಂದೇ ವಾದ: ತನ್ನ ಕೈಯಿಂದಲೇ ಸತ್ತ ಈ ಮನುಷ್ಯನನ್ನು ಹೂಳಬಹುದೆ, ಬಾರದೆ? ಪುರೋಹಿತನಾಗಿ ಸಮಾಧಿಯ ಅಂಚಿನಲ್ಲಿ ನಿಲ್ಲಬೇಕಾದವನಿಗೆ ಈ ಎರಡನೆಯ ಭಾಗವೇ ಮುಖ್ಯ. ನಮ್ಮ ಗುರುಮಠಗಳಲ್ಲಿ ಗ್ರೀಕ್ ಮತ್ತು ರೋಮನ್ ಜಗತ್ತನ್ನು ಹೊಸ ಒಡಂಬಡಿಕೆಯ ‘ಹಿನ್ನೆಲೆ’ ಎಂಬ ಹೆಸರಿನ ಕೆಲವು ಪುಟಗಳಿಗೆ ಇಳಿಸಿ, ದೇವತೆಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿಸಿ ಮುಗಿಸುವ ರೂಢಿ ಎಷ್ಟು ನಷ್ಟವನ್ನುಂಟುಮಾಡಿದೆ ಎಂಬುದನ್ನೂ ಈ ಒಂದು ನಿದರ್ಶನದಿಂದ ತೋರಿಸಬಹುದು.

ನಾಟಕದ ಎರಡು ಅರ್ಧಗಳು

ಕಥೆ ಸಂಕ್ಷೇಪವಾಗಿ ಹೀಗಿದೆ. ಅಕಿಲೀಸನ ಮರಣಾನಂತರ ಅವನ ಆಯುಧಗಳು ಏಜಾಕ್ಸನಿಗೆ ಸಲ್ಲದೆ ಒಡಿಸ್ಯೂಸನ ಪಾಲಾಗುತ್ತವೆ. ಅವಮಾನದಿಂದ ಕುದಿದ ಏಜಾಕ್ಸ್ ರಾತ್ರಿ ಸೇನಾನಾಯಕರನ್ನು ಕೊಲ್ಲಲು ಹೊರಡುತ್ತಾನೆ. ಅಥೀನಾದೇವಿ ಅವನ ಬುದ್ಧಿಯನ್ನು ಭ್ರಮಿಸಿಬಿಡುತ್ತಾಳೆ. ಅವನು ದನಕುರಿಗಳನ್ನು ಶತ್ರುಗಳೆಂದು ಬಗೆದು ಕಡಿಯುತ್ತಾನೆ. ಮತಿ ತಿಳಿಯಾದಾಗ ಅವನ ಮುಂದಿರುವುದು ನಗೆಪಾಟಲು ಮಾತ್ರ. ಮಡದಿ ಟೆಕ್ಮೆಸ್ಸಾ ಬೇಡಿಕೊಳ್ಳುತ್ತಾಳೆ, ಎಳೆಯ ಮಗನನ್ನು ಮುಂದಿಡುತ್ತಾಳೆ. ಅವನು ಸಾವನ್ನು ಆರಿಸಿಕೊಳ್ಳುತ್ತಾನೆ. ಅನಂತರ ಮೆನೆಲಾಸ್ ಮತ್ತು ಅಗಮೆಮ್ನಾನ್ ಬಂದು ಶವವನ್ನು ಹೂಳಬಾರದೆಂದು ಆಜ್ಞಾಪಿಸುತ್ತಾರೆ. ಮಲಸಹೋದರ ಟ್ಯೂಸರ್ ಎದುರಿಸುತ್ತಾನೆ. ಕೊನೆಗೆ ಏಜಾಕ್ಸನ ವೈರಿಯಾಗಿದ್ದ ಒಡಿಸ್ಯೂಸನೇ ಬಂದು ಸಂಸ್ಕಾರಕ್ಕೆ ಅನುಮತಿ ಪಡೆಯುತ್ತಾನೆ.

ಈ ರಚನೆ ಎರಡಾಗಿ ಮುರಿದಿದೆ, ನಾಯಕ ಸತ್ತ ಮೇಲೆ ನಾಟಕ ಕುಸಿಯುತ್ತದೆ ಎಂಬುದು ಪಾಶ್ಚಾತ್ಯ ವಿಮರ್ಶೆಯ ಹಳೆಯ ಆಕ್ಷೇಪ. ಅಥೆನ್ಸಿನ ಪ್ರೇಕ್ಷಕನ ಕಡೆಯಿಂದ ನೋಡಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಶವವನ್ನು ಹೂಳದೆ ಬಿಡುವುದು ಅವನಿಗೆ ಕಾವ್ಯದ ಕಲ್ಪನೆಯಾಗಿರಲಿಲ್ಲ. ರಾಜ್ಯದ್ರೋಹಿಗಳಿಗೂ ದೇವಾಲಯವನ್ನು ದೋಚಿದವರಿಗೂ ಅಟ್ಟಿಕಾದ ನೆಲದಲ್ಲಿ ಸಮಾಧಿಯಿಲ್ಲ ಎಂಬ ಕಾನೂನನ್ನು ಕ್ಸೆನೊಫನ್ ಉಲ್ಲೇಖಿಸುತ್ತಾನೆ. ಆತ್ಮಹತ್ಯೆ ಮಾಡಿಕೊಂಡವನ ಕೈಯನ್ನು ದೇಹದಿಂದ ಬೇರ್ಪಡಿಸಿ ಹೂಳುವ ರೂಢಿಯನ್ನು ವಾಗ್ಮಿ ಐಸ್ಕಿನೀಸ್ ಹೇಳುತ್ತಾನೆ. ಪ್ಲೇಟೊ ತನ್ನ ‘ಕಾನೂನುಗಳು’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಅಂಥವರನ್ನು ನಾಡಿನ ಗಡಿಯ ಪಾಳುನೆಲದಲ್ಲಿ, ಹೆಸರಿಲ್ಲದೆ, ಕಲ್ಲಿಲ್ಲದೆ, ಒಂಟಿಯಾಗಿ ಹೂಳಬೇಕೆಂದು ವಿಧಿಸುತ್ತಾನೆ. ತಪ್ಪಿಸಿಕೊಳ್ಳಲಾಗದ ಸಂಕಟ, ಸಹಿಸಲಾಗದ ಅವಮಾನ ಇವುಗಳಿಂದ ನೂಕಲ್ಪಟ್ಟವರನ್ನು ಮಾತ್ರ ಬಿಡುತ್ತಾನೆ. ಇದೇ ಅಥೆನ್ಸಿನಲ್ಲಿ ಏಜಾಕ್ಸ್ ಪೂಜಿತ ವೀರನೂ ಹೌದು. ನಗರದ ಹತ್ತು ಕುಲಗಳಲ್ಲಿ ಒಂದು ಅವನ ಹೆಸರಿನದು. ಆದುದರಿಂದ ಪ್ರೇಕ್ಷಕರ ಮುಂದಿದ್ದದ್ದು ಗಂಭೀರ ಪ್ರಶ್ನೆ: ನಾವು ಗೌರವಿಸುವ ಈತ ನಮ್ಮ ಕಾನೂನಿನ ಕಣ್ಣಲ್ಲಿ ಯಾರು? ನಾಟಕದ ಎರಡನೆಯ ಅರ್ಧ ಮೊದಲನೆಯದಕ್ಕೆ ಅಂಟಿಸಿದ ಬಾಲವಲ್ಲ. ಮೊದಲನೆಯದು ಎತ್ತಿದ ಪ್ರಶ್ನೆಗೆ ಊರು ಕೊಡಬೇಕಾದ ಉತ್ತರ.

ಹೆಸರು ಹೊತ್ತು ತರುವ ಭಾರ

ಬಿಎಂಶ್ರೀ (1884–1946) ಗ್ರೀಕ್ ನಾಟಕದ ಬಳಿಗೆ ಬಂದದ್ದು ಕೇವಲ ಕುತೂಹಲದಿಂದಲ್ಲ. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಅನ್ನು 1926ರಲ್ಲಿ ರೂಪಿಸಿ, ದುರ್ಯೋಧನನಲ್ಲಿ ರುದ್ರನಾಯಕನನ್ನು ಕಂಡವರು ಅವರು. 1935ರಲ್ಲಿ ಎಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಸೋತವನ ಕಣ್ಣಿನಿಂದ ಯುದ್ಧವನ್ನು ನೋಡುವುದು ಈ ಮೂರು ಕೃತಿಗಳಿಗೂ ಸಮಾನವಾದ ಗುಣ. ‘ಅಶ್ವತ್ಥಾಮನ್’ನಲ್ಲಿ ಟೆಕ್ಮೆಸ್ಸಾಳ ಸ್ಥಾನಕ್ಕೆ ಭಾರ್ಗವಿಯೂ ಟ್ಯೂಸರನ ಸ್ಥಾನಕ್ಕೆ ಏಕಲವ್ಯನೂ ಬರುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಏಜಾಕ್ಸನ ಕೈಗೆ ಅಂಟಿದ್ದು ಪಶುಗಳ ಮತ್ತು ಅವುಗಳ ಕಾವಲುಗಾರರ ರಕ್ತ. ಅಶ್ವತ್ಥಾಮನೆಂಬ ಹೆಸರಿಗೆ ಅಂಟಿದ್ದು ನಿದ್ರಿಸುತ್ತಿದ್ದ ಉಪಪಾಂಡವರ ರಕ್ತ. ಸೌಪ್ತಿಕಪರ್ವವನ್ನು ಬಲ್ಲ ಓದುಗ ಯಾವ ನಾಟಕದಲ್ಲೇ ಆಗಲಿ ಈ ಹೆಸರನ್ನು ಕೇಳಿದೊಡನೆ ಆ ರಾತ್ರಿಯನ್ನು ನೆನೆಯದೆ ಇರಲಾರ. ಸೊಫೊಕ್ಲೀಸನ ಚೌಕಟ್ಟು ಮಾನಭಂಗದ ಚೌಕಟ್ಟು. ಮಹಾಭಾರತದ ಕಥೆಯಾದರೋ ಪಾಪದ ಕಥೆ. ಈ ಎರಡರ ನಡುವಿನ ಬಿರುಕು ಕನ್ನಡ ನಾಟಕದಲ್ಲಿ ಪೂರ್ಣವಾಗಿ ಮುಚ್ಚಿಲ್ಲ ಎಂಬುದು ನನ್ನ ಎಣಿಕೆ. ಗ್ರೀಕ್ ಪ್ರೇಕ್ಷಕನಿಗೆ ಏಜಾಕ್ಸನ ಮೇಲೆ ಕನಿಕರ ತೋರುವುದು ಅಷ್ಟೇನೂ ಕಷ್ಟವಲ್ಲ. ಮಕ್ಕಳನ್ನು ಕೊಂದವನ ಮೇಲೆ ಅದೇ ಕನಿಕರವನ್ನು ತೋರೆಂದು ಕೇಳುವಾಗ ನಾಟಕಕಾರನು ಇನ್ನೂ ದೊಡ್ಡ ಸಾಲವನ್ನು ಎತ್ತುತ್ತಿದ್ದಾನೆ. ಆ ಸಾಲವನ್ನು ತೀರಿಸಲು ಗ್ರೀಕ್ ಚೌಕಟ್ಟಿನ ಬಂಡವಾಳ ಸಾಲದು.

ಆದರೆ ಚಿರಂಜೀವಿಯನ್ನು ಕೊನೆಗಾಣಿಸಿದರೆಂಬ ಆಕ್ಷೇಪಕ್ಕೆ ಇಷ್ಟೇ ತೂಕವಿಲ್ಲ. ಮೂಲಕಥೆಯಲ್ಲಿ ಅಶ್ವತ್ಥಾಮನ ದೀರ್ಘಾಯುಷ್ಯ ವರವಾಗಿ ಉಳಿದಿಲ್ಲ. ಮೂರು ಸಾವಿರ ವರ್ಷ ಕೀವು ರಕ್ತಗಳ ದುರ್ಗಂಧದೊಡನೆ, ಜೊತೆಗಾರರಿಲ್ಲದೆ, ಮಾತಾಡಿಸುವವರಿಲ್ಲದೆ ಅಲೆಯಬೇಕೆಂಬ ಕೃಷ್ಣನ ಶಾಪವಾಗಿ ಮಾರ್ಪಟ್ಟಿದೆ. ಅದು ಸಮಾಧಿಯಿಲ್ಲದ ಬದುಕು. ಆದಿಕಾಂಡದ ಕಾಯಿನನನ್ನು ನೆನೆಯಿರಿ: ಅವನೂ ಅಲೆಮಾರಿ, ಅವನ ಮೇಲೂ ಗುರುತು. ಆದರೆ ಕಾಯಿನನ ಗುರುತು ಅವನನ್ನು ಕೊಲ್ಲಬಾರದೆಂಬ ರಕ್ಷೆಯ ಗುರುತು. ಅಶ್ವತ್ಥಾಮನ ಹಣೆಯ ಗಾಯ ಮಣಿಯನ್ನು ಕಿತ್ತ ಗುರುತು. ಅಂಥವನಿಗೆ ಕೊನೆಯೊಂದನ್ನು, ಶವವೊಂದನ್ನು, ಆ ಶವದ ಬಳಿ ಅಳುವವರನ್ನು ಕೊಡುವುದು ಪರಂಪರೆಗೆ ಬಗೆದ ಅಪಚಾರವಲ್ಲ. ಅವನನ್ನು ಮರಳಿ ಮನುಷ್ಯರ ಸಾಲಿಗೆ ಸೇರಿಸುವ ಪ್ರಯತ್ನ ಅದು. ಮಹಾಭಾರತವೇ ಇದಕ್ಕೆ ದಾರಿ ತೋರಿಸಿದೆ: ಸ್ತ್ರೀಪರ್ವದಲ್ಲಿ ಧರ್ಮರಾಯನು ಎರಡೂ ಪಕ್ಷಗಳಲ್ಲಿ ಮಡಿದವರಿಗೆ, ಕೇಳುವವರಿಲ್ಲದ ಅನಾಥ ಹೆಣಗಳಿಗೂ, ಸಂಸ್ಕಾರವಾಗಬೇಕೆಂದು ವಿದುರಾದಿಗಳಿಗೆ ಆಜ್ಞಾಪಿಸುತ್ತಾನೆ.

ಏಕಲವ್ಯನ ಆಯ್ಕೆಯಲ್ಲಿ ಬಿಎಂಶ್ರೀಯವರ ಒಳನೋಟ ಎಲ್ಲಕ್ಕಿಂತ ಹರಿತವಾಗಿದೆ. ಟ್ಯೂಸರ್ ಬಿಲ್ಲುಗಾರ, ಸೆರೆಯಾಳಾಗಿ ಬಂದ ಹೆಣ್ಣಿನ ಮಗ. ನೀನು ದಾಸಿಯ ಮಗ, ನಿನ್ನ ಪರವಾಗಿ ಸ್ವತಂತ್ರನೊಬ್ಬನನ್ನು ಮಾತಾಡಲು ಕರೆತಾ ಎಂದು ಅಗಮೆಮ್ನಾನ್ ಅವನನ್ನು ಹೀಯಾಳಿಸುತ್ತಾನೆ. ನಮ್ಮ ಪುರಾಣದ ಏಕಲವ್ಯನಲ್ಲಿಯೂ ಬಿಲ್ಲು ಮತ್ತು ಹೀನಕುಲದ ಅಪವಾದ ಒಟ್ಟಿಗೆ ಕೂಡಿವೆ. ಅಷ್ಟೇ ಅಲ್ಲ, ದ್ರೋಣನಿಗಾಗಿ ಹೆಬ್ಬೆರಳನ್ನು ಕೊಟ್ಟವನು ದ್ರೋಣನ ಮಗನ ಪಕ್ಕದಲ್ಲಿ ನಿಲ್ಲುತ್ತಾನೆ. ಅನ್ಯಾಯಕ್ಕೊಳಗಾದವನೇ ಸತ್ತವನ ಮಾನವನ್ನು ಕಾಯುವುದು ಗ್ರೀಕ್ ಮೂಲದಲ್ಲಿ ಇಲ್ಲದ ಅರ್ಥ. ಕನ್ನಡ ನಾಟಕದ ಸ್ವಂತ ಗಳಿಕೆ. ಸ್ಮಶಾನದೊಳಗೂ ಜಾತಿಯ ಗೋಡೆ ಎಬ್ಬಿಸಿದ ಇತಿಹಾಸವುಳ್ಳ ದಕ್ಷಿಣ ಭಾರತದ ಕ್ರೈಸ್ತರು ಈ ಪಾತ್ರದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು ಒಳ್ಳೆಯದು.

ಮಾನ ಮತ್ತು ಪಾಪ

ಗ್ರೀಕರದು ‘ಮಾನದ ಸಂಸ್ಕೃತಿ’, ಮುಂದೆ ಬಂದದ್ದು ‘ಪಾಪಪ್ರಜ್ಞೆಯ ಸಂಸ್ಕೃತಿ’ ಎಂಬ ವಿಂಗಡಣೆ ಇ. ಆರ್. ಡಾಡ್ಸ್ ಅವರ 1951ರ ಗ್ರಂಥದಿಂದ ಶಾಸ್ತ್ರೀಯ ಅಧ್ಯಯನದಲ್ಲಿ ನೆಲೆಯೂರಿತು. ಬ್ರೂಸ್ ಮಲೀನ 1981ರಲ್ಲಿ ‘ಮಾನ–ಅವಮಾನ’ದ ಮಾದರಿಯನ್ನು ಹೊಸ ಒಡಂಬಡಿಕೆಯ ವ್ಯಾಖ್ಯಾನಕ್ಕೆ ತಂದರು, ಇಂದು ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅದು ಎಲ್ಲ ಬೀಗಗಳಿಗೂ ಒಂದೇ ಕೀಲಿಯಾಗಿದೆ. ಬರ್ನಾರ್ಡ್ ವಿಲಿಯಮ್ಸ್ 1993ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಇದೇ ಏಜಾಕ್ಸನನ್ನು ಎದುರಿಗಿಟ್ಟುಕೊಂಡು ಈ ಸರಳ ವಿಂಗಡಣೆಯನ್ನು ಪ್ರಶ್ನಿಸಿದರು. ಅವರ ವಾದದಂತೆ, ಏಜಾಕ್ಸನನ್ನು ನೂಕುವುದು ಜನ ಏನೆಂದಾರು ಎಂಬ ಅಂಜಿಕೆಯಷ್ಟೇ ಅಲ್ಲ. ತಾನು ಗೌರವಿಸುವವರ ಕಣ್ಣಿನಲ್ಲಿ, ಅದರ ಮೂಲಕ ತನ್ನದೇ ಕಣ್ಣಿನಲ್ಲಿ, ತಾನು ಇನ್ನು ಬದುಕಲಾರದ ಮನುಷ್ಯನಾದೆನೆಂಬ ಅರಿವು. ಮಾನವೆಂಬುದು ಹೊರಗಿನ ಆಭರಣವಲ್ಲ, ಒಳಗಿನ ಬೆನ್ನೆಲುಬು.

ಪಾಲನಾ ಸೇವೆಗೆ ಇದರಿಂದ ಒಂದು ನೇರವಾದ ಪಾಠವಿದೆ. ಪಾಪವನ್ನು ಅರಿಕೆ ಮಾಡಬಹುದು. ಅದಕ್ಕೆ ಸಂಸ್ಕಾರವಿದೆ, ಕ್ಷಮೆಯ ವಾಕ್ಯವಿದೆ. ಅವಮಾನವನ್ನು ಅರಿಕೆ ಮಾಡುವುದು ಹೇಗೆ? ಕೆಲಸ ಕಳೆದುಕೊಂಡವನು, ಸಾಲಗಾರರು ಬಾಗಿಲಿಗೆ ಬಂದವನು, ಪರೀಕ್ಷೆಯಲ್ಲಿ ಉತ್ತೀರ್ಣನಾಗದ ಹುಡುಗ ಪಾಪನಿವೇದನೆಯ ಪೀಠದ ಬಳಿಗೆ ಬಂದು ಏನೆಂದು ಹೇಳಿಕೊಳ್ಳಬೇಕು? ಅವರು ಮಾಡಿದ ಪಾಪವೇನೂ ಇರಲಾರದು. ಆದರೂ ಬೆನ್ನೆಲುಬು ಮುರಿದಿದೆ. ಅವಮಾನಕ್ಕೆ ಬೇಕಾದದ್ದು ಹೊದಿಕೆ. ಏದೆನಿನಿಂದ ಹೊರಹಾಕುವ ಮುನ್ನ ದೇವರು ಆದಾಮ ಏವೆಯರಿಗೆ ಉಡುಪನ್ನು ತೊಡಿಸಿದರೆಂದು ಪವಿತ್ರ ಗ್ರಂಥ ಹೇಳುತ್ತದೆ. ಟೆಕ್ಮೆಸ್ಸಾ ಗಂಡನ ದೇಹವನ್ನು ಕಂಡೊಡನೆ ಮಾಡುವ ಮೊದಲ ಕೆಲಸವೂ ಅದನ್ನು ವಸ್ತ್ರದಿಂದ ಮುಚ್ಚುವುದು.

ಸೊಫೊಕ್ಲೀಸ್ ಇನ್ನೊಂದು ಸಂಗತಿಯನ್ನು ಕಂಡಿದ್ದಾನೆ. ಸಾವಿಗೆ ಮುನ್ನ ಏಜಾಕ್ಸ್ ಶಾಂತನಾಗಿ ಮಾತಾಡುತ್ತಾನೆ: ಋತುಗಳು ಬದಲಾಗುತ್ತವೆ, ಇರುಳು ಹಗಲಿಗೆ ದಾರಿ ಬಿಡುತ್ತದೆ, ತಾನೂ ಬಾಗುವುದನ್ನು ಕಲಿಯುವೆನೆಂಬ ಧಾಟಿಯಲ್ಲಿ. ಕೇಳಿದವರು ಅವನ ಮನಸ್ಸು ತಿರುಗಿತೆಂದು ನಂಬಿ ಹರ್ಷದಿಂದ ಹಾಡುತ್ತಾರೆ. ಅಷ್ಟರಲ್ಲಿ ದೂತನೊಬ್ಬ ಕಣಿಯ ಮಾತನ್ನು ತರುತ್ತಾನೆ: ದೇವಿಯ ಕೋಪ ಇದೊಂದು ದಿನ ಮಾತ್ರ; ಇಂದು ಅವನನ್ನು ಗುಡಾರದಿಂದ ಹೊರಗೆ ಬಿಡಬೇಡಿ. ಆದರೆ ಅವನು ಆಗಲೇ ಹೊರಟುಹೋಗಿದ್ದಾನೆ. ಆ ಒಂದು ದಿನ ಅವನ ಜೊತೆಗಿರಲು ಯಾರಾದರೂ ಇದ್ದಿದ್ದರೆ ಎಂಬ ಕೊರಗು ನಾಟಕದ ಉಳಿದ ಭಾಗವನ್ನೆಲ್ಲ ತುಂಬುತ್ತದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಕತ್ತಿ ಹಿರಿದ ಕಾವಲುಗಾರನಿಗೆ ಸಂತ ಪೌಲನು ಕತ್ತಲೆಯಲ್ಲಿ ಗಟ್ಟಿಯಾಗಿ ಕೂಗಿ ಹೇಳಿದ್ದು ಉಪದೇಶವಲ್ಲ. ಹಾನಿ ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲಿಯೇ ಇದ್ದೇವೆ ಎಂಬ ಸುದ್ದಿ. ಕೈದಿಗಳು ತಪ್ಪಿಸಿಕೊಂಡರೆಂಬ ಅವಮಾನವೇ ಅವನನ್ನು ಕತ್ತಿಯ ಕಡೆಗೆ ನೂಕಿತ್ತು. ಇರುವಿಕೆಯ ಸುದ್ದಿ ಅವನನ್ನು ಉಳಿಸಿತು; ಉಪದೇಶ, ದೀಕ್ಷಾಸ್ನಾನ ಎಲ್ಲವೂ ಅನಂತರ ಬಂದವು.

ನಮ್ಮ ನಡುವಿನ ಮೆನೆಲಾಸ್

ಮೆನೆಲಾಸನ ವಾದವನ್ನು ನಾವು ಸುಲಭವಾಗಿ ತಳ್ಳಿಹಾಕಬಾರದು. ಭಯವಿಲ್ಲದೆ ಊರಿನಲ್ಲಿ ಕಾನೂನು ನಿಲ್ಲದು, ದಂಡಿನಲ್ಲಿ ಶಿಸ್ತು ನಿಲ್ಲದು. ಬದುಕಿದ್ದಾಗ ಆಳಲಾಗದವನನ್ನು ಸತ್ತ ಮೇಲಾದರೂ ಆಳಬೇಕು ಎಂಬುದು ಅವನ ತರ್ಕ. ಈ ತರ್ಕ ಧರ್ಮಸಭೆಯ ಇತಿಹಾಸದಲ್ಲಿ ಬಹುಕಾಲ ನಡೆದಿದೆ. 561ರ ಬ್ರಾಗಾ ಸಭೆ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರಿಗೆ ಬಲಿಪೂಜೆಯ ಸ್ಮರಣೆಯನ್ನೂ ಕೀರ್ತನೆಗಳೊಡನೆ ಸಮಾಧಿಗೆ ಒಯ್ಯುವುದನ್ನೂ ನಿಷೇಧಿಸಿತು. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ಅಂತ್ಯಸಂಸ್ಕಾರದ ವಿಧಿಯನ್ನು ಅವರಿಗೆ ಬಳಸಬಾರದೆಂದಿತು. 1917ರ ಕಥೋಲಿಕ ಕಾನೂನು ಸಂಹಿತೆಯ 1240ನೆಯ ವಿಧಿ, ಸಾವಿಗೆ ಮುನ್ನ ಪಶ್ಚಾತ್ತಾಪದ ಗುರುತು ತೋರದಿದ್ದರೆ, ಬುದ್ಧಿಪೂರ್ವಕವಾಗಿ ಪ್ರಾಣ ತೆಗೆದುಕೊಂಡವರಿಗೆ ಧರ್ಮಸಭೆಯ ಸಮಾಧಿಯನ್ನು ನಿರಾಕರಿಸಿತು.

ಈ ಕಾಠಿಣ್ಯಕ್ಕೆ ಸಂತ ಅಗಸ್ಟೀನರನ್ನು ಮೂಲವೆಂದು ಹೇಳುವುದುಂಟು. ಅದು ಅರ್ಧ ಸತ್ಯ. 410ರಲ್ಲಿ ರೋಮ್ ನಗರ ಸೂರೆಹೋದಾಗ ಅತ್ಯಾಚಾರಕ್ಕೊಳಗಾದ ಕ್ರೈಸ್ತ ಸ್ತ್ರೀಯರನ್ನು, ಲುಕ್ರೇಸಿಯಳಂತೆ ನೀವೇಕೆ ಸಾಯಲಿಲ್ಲ ಎಂದು ಕೇಳುವ ಜಗತ್ತಿಗೆ ‘ದೇವರ ನಗರ’ದ ಮೊದಲ ಭಾಗ ಉತ್ತರ ಕೊಡುತ್ತದೆ. ಮಾನ ಹೋದ ಹೆಣ್ಣು ಸಾಯಬೇಕೆಂಬ ರೋಮನ್ ಆದರ್ಶವನ್ನು ಅಗಸ್ಟೀನರು ಮುರಿದರು. ಕೇಟೊವಿನ ಪ್ರಸಿದ್ಧ ಸಾವಿನಲ್ಲೂ ಅವರು ಮಹತ್ತ್ವವನ್ನು ಕಾಣಲಿಲ್ಲ. ಬದುಕಿ ಉಳಿದವರನ್ನು ಕಾಯಲು ಕಟ್ಟಿದ ವಾದ ಅದು. ಮುಂದಿನ ಶತಮಾನಗಳು ಅದನ್ನು ಸತ್ತವರನ್ನು ದಂಡಿಸುವ ವಾದವಾಗಿ ತಿರುಗಿಸಿದವು. ರೋಮನ್ ಸಮಾಜದಲ್ಲಿ ಲುಕ್ರೇಸಿಯಳ ಕಥೆಗೆ ಯಾವ ಸ್ಥಾನವಿತ್ತೆಂದು ತಿಳಿಯದೆ ಆ ಅಧ್ಯಾಯಗಳನ್ನು ಓದಿದರೆ ಈ ತಿರುವು ಕಣ್ಣಿಗೇ ಬೀಳುವುದಿಲ್ಲ. ಪ್ರಾಚೀನ ಸಾಹಿತ್ಯದ ಅಧ್ಯಯನ ಗುರುಮಠಕ್ಕೆ ಅಲಂಕಾರವಲ್ಲವೆಂದು ನಾನು ಹೇಳುವುದು ಈ ಅರ್ಥದಲ್ಲಿ.

1983ರ ಸಂಹಿತೆ ಅಂತ್ಯಸಂಸ್ಕಾರವನ್ನು ನಿರಾಕರಿಸುವ ಪಟ್ಟಿಯಿಂದ ಆತ್ಮಹತ್ಯೆಯನ್ನು ಕೈಬಿಟ್ಟಿತು. 1992ರ ‘ಕಥೋಲಿಕ ಧರ್ಮಸಭೆಯ ಧರ್ಮೋಪದೇಶ’ ಆ ಕೃತ್ಯದ ಗಾಂಭೀರ್ಯವನ್ನು ಉಳಿಸಿಕೊಂಡೇ, ಮಾನಸಿಕ ಕಾಯಿಲೆ, ತೀವ್ರ ಭಯ, ಯಾತನೆಗಳು ಹೊಣೆಯನ್ನು ಕುಗ್ಗಿಸುತ್ತವೆಂದೂ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಬೋಧಿಸುತ್ತದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಪ್ರಯತ್ನಿಸಿ ಬದುಕುಳಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಿ ಆರೈಕೆ ಕೊಡಬೇಕೆನ್ನುತ್ತದೆ. ಕಾನೂನು ಬದಲಾಗಿದೆ. ಶಿವಾಜಿನಗರದಿಂದ ಕೆ. ಆರ್. ಪುರದವರೆಗಿನ ಧರ್ಮಕೇಂದ್ರಗಳಲ್ಲಿ, ಕಲ್ಪಳ್ಳಿಯ ಸ್ಮಶಾನದಲ್ಲಿ, ನಮ್ಮ ನಡವಳಿಕೆ ಬದಲಾಗಿದೆಯೆ ಎಂಬುದು ಬೇರೆಯೇ ಪ್ರಶ್ನೆ. ಸಂಸ್ಕಾರವನ್ನು ನಿರಾಕರಿಸದೆಯೂ ಅದನ್ನು ಕುಗ್ಗಿಸಬಹುದು: ಬೆಳಗಿನ ಜಾವಕ್ಕೆ ಸಮಯ ಗೊತ್ತುಮಾಡಿ, ಗಂಟೆ ಹೊಡೆಯದೆ, ಪ್ರಬೋಧನೆಯಲ್ಲಿ ಸತ್ತವನ ಹೆಸರನ್ನು ಎತ್ತದೆ. ಕುಟುಂಬದವರಿಗೆ ಆ ಮೌನ ಸ್ಪಷ್ಟವಾಗಿ ಕೇಳಿಸುತ್ತದೆ. ಅದು ಮೆನೆಲಾಸನ ದನಿ, ಮೆಲುವಾಗಿದೆ ಅಷ್ಟೆ.

ಒಡಿಸ್ಯೂಸನಿಂದ ಜೋಸೆಫನವರೆಗೆ

ಒಡಿಸ್ಯೂಸನ ಉತ್ತರ ಸರಳವಾದುದು. ಅವನು ನನ್ನ ವೈರಿಯಾಗಿದ್ದ, ನಿಜ. ಆದರೆ ಸತ್ತ ಯೋಗ್ಯನಿಗೆ ಅವಮಾನ ಮಾಡುವುದು ಅವನಿಗಲ್ಲ, ದೇವತೆಗಳ ಕಟ್ಟಳೆಗೆ ಮಾಡುವ ಹಾನಿ. ನಾನೂ ಒಂದು ದಿನ ಇದೇ ಅವಸ್ಥೆಗೆ ಬರುವವನೇ. ಇದು ಸಮಾನ ಮರ್ತ್ಯತೆಯ ನೀತಿ, ‘ಅಂತಿಗೊನೆ’ಯ ನೀತಿಗೆ ಹತ್ತಿರದ್ದು. ಪಿ. ಲಂಕೇಶರ ಅನುವಾದದಲ್ಲಿ ಆ ನಾಟಕವನ್ನು ಓದಿದ ಕನ್ನಡಿಗರಿಗೆ ಅದರ ಪರಿಚಯವಿದೆ. ಪವಿತ್ರ ಗ್ರಂಥವೂ ಇದನ್ನು ಬಲ್ಲದು. ತನ್ನ ಕತ್ತಿಯ ಮೇಲೆ ಬಿದ್ದ ಸೌಲನ ದೇಹವನ್ನು ಯಾಬೇಷ್ ಗಿಲ್ಯಾದಿನವರು ಇರುಳೆಲ್ಲ ನಡೆದು ಬೇತ್‌ಷಾನಿನ ಗೋಡೆಯಿಂದ ಇಳಿಸಿ ತಂದು, ಎಲುಬುಗಳನ್ನು ಮರದಡಿ ಹೂಳಿ, ಏಳು ದಿನ ಉಪವಾಸವಿದ್ದರು. ದಾವೀದನು ಅದಕ್ಕಾಗಿ ಅವರನ್ನು ಆಶೀರ್ವದಿಸಿದನು. ಸೌಲನ ಸಾವಿನ ರೀತಿಯನ್ನು ಕುರಿತು ಅಲ್ಲಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ.

ಆದರೆ ಗ್ರೀಕ್ ನಾಟಕಕ್ಕೆ ಒಂದು ಎಲ್ಲೆಯಿದೆ, ಅದನ್ನು ನಾಟಕವೇ ಪ್ರಾಮಾಣಿಕವಾಗಿ ತೋರಿಸುತ್ತದೆ. ಸಂಸ್ಕಾರದ ಹಕ್ಕನ್ನು ಗೆದ್ದುಕೊಟ್ಟ ಒಡಿಸ್ಯೂಸ್ ತಾನೂ ಕೈಜೋಡಿಸುವೆನೆಂದಾಗ ಟ್ಯೂಸರ್ ಕೃತಜ್ಞತೆಯಿಂದಲೇ ತಡೆಯುತ್ತಾನೆ: ನೀನು ಮುಟ್ಟಿದರೆ ಸತ್ತವನಿಗೆ ಸಹ್ಯವಾಗಲಾರದು. ವೈರಿಯ ಕನಿಕರ ಶವದವರೆಗೆ ಬರುತ್ತದೆ, ಮುಟ್ಟಲಾಗುವುದಿಲ್ಲ. ಹೋಮರನ ‘ಒಡಿಸ್ಸಿ’ಯ ಹನ್ನೊಂದನೆಯ ಭಾಗದಲ್ಲಿ, ಪಾತಾಳದಲ್ಲಿಯೂ ಏಜಾಕ್ಸನ ಛಾಯೆ ಒಡಿಸ್ಯೂಸನಿಗೆ ಉತ್ತರ ಕೊಡದೆ ತಿರುಗಿ ನಡೆದುಬಿಡುತ್ತದೆ. ಸಮಾಧಿ ದೊರೆಯಿತು, ಸಂಧಾನ ದೊರೆಯಲಿಲ್ಲ.

ಶುಭಸಂದೇಶ ಈ ಎಲ್ಲೆಯನ್ನು ದಾಟುತ್ತದೆ. ಮರಣದಂಡನೆಗೆ ಗುರಿಯಾದವರ ದೇಹಗಳನ್ನು ಕೇಳಿದವರಿಗೆ ಕೊಡಬೇಕೆಂಬ ನಿಯಮ ರೋಮನ್ ಕಾನೂನಿನ ‘ಡೈಜೆಸ್ಟ್’ನ 48ನೆಯ ಪುಸ್ತಕದಲ್ಲಿದೆ, ರಾಜದ್ರೋಹದ ಪ್ರಕರಣಗಳಲ್ಲಿ ಕೆಲವೊಮ್ಮೆ ನಿರಾಕರಿಸುತ್ತಿದ್ದರೆಂಬ ಮಾತೂ ಅಲ್ಲಿಯೇ ಇದೆ. ‘ಯೆಹೂದ್ಯರ ಅರಸ’ ಎಂಬ ಬರಹದಡಿ ಸತ್ತವನ ದೇಹವನ್ನು ಪಿಲಾತನ ಬಳಿ ಕೇಳಲು ಅರಿಮತಾಯದ ಜೋಸೆಫನಿಗೆ ಧೈರ್ಯ ಬೇಕಾಯಿತೆಂದು ಮಾರ್ಕನು ಹೇಳುವುದರ ತೂಕ ಆಗ ತಿಳಿಯುತ್ತದೆ. ಅವನು ಅನುಮತಿಯನ್ನು ಗೆದ್ದು ದೂರ ನಿಲ್ಲಲಿಲ್ಲ. ಹಬ್ಬದ ಮುನ್ನಾದಿನ ಮೈಲಿಗೆಯನ್ನು ಲೆಕ್ಕಿಸದೆ ದೇಹವನ್ನು ಇಳಿಸಿ ನಾರುಮಡಿಯಲ್ಲಿ ಸುತ್ತಿದನು. ಅಪಮಾನದ ಮರಣಕ್ಕೆ ಒಳಗಾದವನು ‘ಹೂಳಲ್ಪಟ್ಟನು’ ಎಂಬುದನ್ನು ಸಂತ ಪೌಲನು ತಾನು ಪಡೆದು ಒಪ್ಪಿಸಿದ ವಿಶ್ವಾಸದ ಸಾರದಲ್ಲೇ ಎಣಿಸುತ್ತಾನೆ. ಸತ್ತವರನ್ನು ಹೂಳುವುದು ದಯಾಕಾರ್ಯಗಳಲ್ಲಿ ಏಳನೆಯದಾಗಿ ನಿಂತಿರುವುದು ಈ ನೆಲೆಯ ಮೇಲೆ.

ಹೀಗೆ ನೋಡಿದರೆ ಬಿಎಂಶ್ರೀಯವರ ನಾಟಕದ ಯಶಸ್ಸನ್ನೂ ಕೊರತೆಯನ್ನೂ ಒಟ್ಟಿಗೆ ಹೇಳಬಹುದು. ಮಾನದ ಚೌಕಟ್ಟಿನಲ್ಲಿ ಪಾಪದ ಕಥೆಯನ್ನು ಪೂರ್ತಿಯಾಗಿ ಕೂರಿಸಲಾಗಲಿಲ್ಲ. ಆದರೆ ಶಾಪಗ್ರಸ್ತನೊಬ್ಬನಿಗೆ ಮನುಷ್ಯಯೋಗ್ಯವಾದ ಅಂತ್ಯವನ್ನು, ಅವನ ಪಕ್ಕದಲ್ಲಿ ಏಕಲವ್ಯನನ್ನು ಕೊಟ್ಟು, ಕನ್ನಡಕ್ಕೆ ಒಂದು ದೊಡ್ಡ ಪ್ರಶ್ನೆಯನ್ನು ಅವರು ಬಿಟ್ಟುಹೋದರು. ಕನ್ನಡ ಕ್ರೈಸ್ತ ದೈವಶಾಸ್ತ್ರ ಆ ಪ್ರಶ್ನೆಗೆ ಇನ್ನೂ ಉತ್ತರ ಬರೆದಿಲ್ಲ. ಪ್ರಬಂಧಕ್ಕೆ ಮುನ್ನ ಅದನ್ನು ಬರೆಯಬೇಕಾದ ಸ್ಥಳವೊಂದಿದೆ. ಅಂಥ ಮನೆಯಿಂದ ಕರೆ ಬಂದಾಗ ಗುರು ತಡಮಾಡದೆ ಹೋಗಲಿ. ಕಾರಣವನ್ನು ವಿಚಾರಿಸದೆ ಕುಳಿತುಕೊಳ್ಳಲಿ. ಎಲ್ಲರಿಗೂ ಹೊಡೆಯುವ ಗಂಟೆಯನ್ನು, ಎಲ್ಲರಿಗೂ ಸಲ್ಲುವ ಹೊತ್ತಿನಲ್ಲಿ ಹೊಡೆಸಲಿ. ದೀಕ್ಷಾಸ್ನಾನದಲ್ಲಿ ಕರೆದ ಹೆಸರನ್ನು ಸಮಾಧಿಯ ಬಳಿ ಗಟ್ಟಿಯಾಗಿ ಕರೆಯಲಿ.